ಅರವತ್ತನೇ ನಂಬರಿನ ಗಾಡಿ

ನಮ್ಮ ಮನೆಗೆ ಬಂದವರು ಕೂತು, ನೀರು ಕುಡಿದು, ಮಳೆಯ ಸಮಾಚಾರ, ಆನೆಯ ಸಮಾಚಾರ ಎರಡೂ ಮುಗಿದ ಮೇಲೆ ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದಿದೆ.

"ಮೇಷ್ಟ್ರೇ, ಬೀರು ಮೇಲೆ ಅದೇನು ಗಾಜಿನ ಪೆಟ್ಟಿಗೆ? ಮಗಳ ಆಟದ ಸಾಮಾನಾ?"

ಮಗಳದ್ದಲ್ಲ, ನನ್ನದೇ ಅಂದರೆ ನಂಬುವುದಿಲ್ಲ. ನಂಬಿದವರು ನಗುತ್ತಾರೆ. ಮಸಿನಗುಡಿಯಂಥ ಊರಲ್ಲಿ ಕನ್ನಡ ಮೇಷ್ಟ್ರು ಅಂದಮೇಲೆ ಪೆಟ್ಟಿಗೆ ತುಂಬ ಪುಸ್ತಕ ಇರಬೇಕು, ಆಟದ ಕಾರು ಇರಬಾರದು ಅಂತ ಅವರ ಲೆಕ್ಕ. ಇರಲಿ. ಇವತ್ತು ಆ ಪೆಟ್ಟಿಗೆಯ ಕಥೆಯನ್ನೇ ಹೇಳಿಬಿಡುತ್ತೇನೆ. ಹೇಳಲು ಕಾರಣವೂ ಇದೆ, ಕೊನೆಗೆ ಬರುತ್ತದೆ.

ಸಂಗ್ರಹ ಅಂದ ಕೂಡಲೇ ನೂರಾರು ಕಾರುಗಳನ್ನು ಕಲ್ಪಿಸಿಕೊಳ್ಳಬೇಡಿ. ಒಟ್ಟು ನಾಲ್ಕೇ ನಾಲ್ಕು! ಹಳದಿ ಬಣ್ಣದ ಒಂದು ರೇಸ್ ಕಾರು. ಅದೇ ಕಾರಿನ ಇನ್ನೊಂದು ಪ್ರತಿ, ಮೂಗು ಮುರಿದದ್ದು, ಅರ್ಧ ಬೆಲೆಗೆ ಸಿಕ್ಕಿದ್ದು. ಯಾರದ್ದೂ ಅಲ್ಲದ ಒಂದು ಬೋಳು ಪಿಕಪ್ ಟ್ರಕ್ಕು. ನಾಲ್ಕನೆಯದು ಮರದ್ದು. ಈ ನಾಲ್ಕಕ್ಕೂ ಒಬ್ಬನೇ ನಾಯಕ, ನಮ್ಮ ಬೆಟ್ಟದ ಕೆಳಗಿನ ಕೊಯಮತ್ತೂರಿನ ನರೇನ್ ಕಾರ್ತಿಕೇಯನ್.

ಕ್ರಿಕೆಟಿಗರ ಹೆಸರು ಕೇಳಿದರೆ ಹನ್ನೊಂದಲ್ಲ, ಇಪ್ಪತ್ತೆರಡು ಹೇಳುವ ನಮ್ಮ ಮಕ್ಕಳಿಗೆ ಈ ಹೆಸರು ಅಷ್ಟಾಗಿ ಗೊತ್ತಿಲ್ಲ. ನನಗೆ ಗೊತ್ತಾದದ್ದು ನಮ್ಮಪ್ಪನಿಂದ. ಅಪ್ಪ ಲಾರಿ ಡ್ರೈವರ್. ಊಟಿಯ ಕ್ಯಾರೆಟ್ಟು, ಕೋಸು, ಆಲೂಗಡ್ಡೆ ತುಂಬಿಕೊಂಡು ಕೂನೂರು ಘಾಟಿ ಇಳಿದು ಮೇಟ್ಟುಪಾಳ್ಯಂ ಮಂಡಿಗೆ ಹಾಕಿ ಬರುವುದು ಅವರ ಕೆಲಸ. ಘಾಟಿ ರಸ್ತೆಯಲ್ಲಿ ಹತ್ತುವವನಿಗೆ ಇಳಿಯುವವನು ದಾರಿ ಬಿಡಬೇಕು, ಇದು ಅವರ ವೇದವಾಕ್ಯ. ನರೇನ್ ಅವರ ತಂದೆ ಜಿ.ಆರ್. ಕಾರ್ತಿಕೇಯನ್ ಕೂಡ ಹೆಸರುವಾಸಿ ರ‍್ಯಾಲಿ ಓಡಿಸಿದವರು, ದಕ್ಷಿಣ ಭಾರತ ರ‍್ಯಾಲಿ ಗೆದ್ದವರು. ಆ ಕಾಲದ ರ‍್ಯಾಲಿ ಕಾರುಗಳ ಬಗ್ಗೆ ಅಪ್ಪ ಹೇಳುತ್ತಿದ್ದದ್ದು ಒಂದೇ ಮಾತು: "ಅವ್ರು ಗಡಿಯಾರ ನೋಡ್ಕಂಡು ಓಡಿಸ್ತಾರೆ, ನಾವು ಬ್ರೇಕ್ ನೋಡ್ಕಂಡು ಓಡಿಸ್ತೀವಿ. ಅಷ್ಟೇ ವ್ಯತ್ಯಾಸ."

ಕೊಯಮತ್ತೂರಿಗೂ ರೇಸಿಗೂ ನಂಟು ಹಳೆಯದು. ಎಸ್. ಕರಿವರ್ಧನ್ ಎಂಬವರು ಅಲ್ಲಿ ಮಾರುತಿ 800ರ ಎಂಜಿನ್ ಇಟ್ಟು ಒಬ್ಬರೇ ಕೂರುವ ಸಣ್ಣ ರೇಸ್ ಕಾರುಗಳನ್ನು ಕಟ್ಟಿದರು. ಫಾರ್ಮುಲಾ ಮಾರುತಿ ಅಂತ ಅದಕ್ಕೆ ಹೆಸರು. ವಿದೇಶದಿಂದ ಕಾರು ತರಿಸುವ ಶಕ್ತಿ ಇಲ್ಲದ ಹುಡುಗರು ಅದರಲ್ಲಿ ರೇಸು ಕಲಿತರು. ನರೇನ್ ಶುರುಮಾಡಿದ್ದೂ ಅದರಲ್ಲೇ. ಕರಿವರ್ಧನ್ 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಚೆಟ್ಟಿಪಾಳ್ಯದ ರೇಸ್ ಟ್ರ್ಯಾಕಿಗೆ ಇವತ್ತಿಗೂ ಅವರದ್ದೇ ಹೆಸರು. ಅಂಗಡಿಯಲ್ಲಿ ಸಿಗದ್ದನ್ನು ಕೈಯಲ್ಲೇ ಮಾಡಿಕೊಳ್ಳುವ ಆ ಬುದ್ಧಿಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

2005ರ ಮಾರ್ಚ್ 6, ಭಾನುವಾರ ಬೆಳಿಗ್ಗೆ. ಫಾರ್ಮುಲಾ ಒನ್ ರೇಸಿನಲ್ಲಿ ಮೊತ್ತಮೊದಲ ಭಾರತೀಯ ಓಡುತ್ತಾನೆ ಅಂತ ಅಪ್ಪ ನಾನು ಇಬ್ಬರೂ ಪಕ್ಕದ ಮನೆಯ ಟಿವಿ ಮುಂದೆ ಹಾಜರ್. ಆಸ್ಟ್ರೇಲಿಯಾದ ಮೆಲ್ಬರ್ನ್. ಹಳದಿ ಜೋರ್ಡನ್ ಕಾರು, ನಂಬರ್ 19. ಕ್ಯಾಮೆರಾ ಮುಂದಿನವರನ್ನೇ ತೋರಿಸುತ್ತಿತ್ತು, ನಮ್ಮವನು ಆಗೊಮ್ಮೆ ಈಗೊಮ್ಮೆ ಮಿಂಚಿ ಹೋಗುತ್ತಿದ್ದ. ಕೊನೆಗೆ ಬಂದದ್ದು 15ನೇ ಸ್ಥಾನ. ಸೋಮವಾರ ತರಗತಿಯಲ್ಲಿ ದೊಡ್ಡದಾಗಿ ಹೇಳಿದೆ. ಒಬ್ಬಳು ಹುಡುಗಿ ಎದ್ದು ನಿಂತು, "ಸಾ, ಹದಿನೈದ್ನೇದು ಅಂದ್ರೆ ಸೋತಂಗೇ ಅಲ್ವಾ?" ಅಂದಳು. ನನಗೆ ಆಗ ಉತ್ತರ ಹೊಳೆಯಲಿಲ್ಲ.

ಅದೇ ವರ್ಷ ಜೂನ್ 19ಕ್ಕೆ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ವಿಚಿತ್ರವೊಂದು ನಡೆಯಿತು. ಮಿಶೆಲಿನ್ ಟೈರು ಆ ಟ್ರ್ಯಾಕಿಗೆ ಸುರಕ್ಷಿತವಲ್ಲ ಅಂತ 14 ಕಾರುಗಳು ರೇಸು ಶುರುವಾಗುವ ಮುಂಚೆಯೇ ಒಳಗೆ ಹೋಗಿಬಿಟ್ಟವು. ಬ್ರಿಜ್‌ಸ್ಟೋನ್ ಟೈರಿನ ಆರೇ ಕಾರು ಓಡಿದವು. ನರೇನ್ ನಾಲ್ಕನೆಯವನಾಗಿ ಬಂದ, 5 ಅಂಕ ಸಿಕ್ಕಿತು. ಫಾರ್ಮುಲಾ ಒನ್‌ನಲ್ಲಿ ಭಾರತೀಯನೊಬ್ಬನಿಗೆ ಸಿಕ್ಕಿದ ಮೊದಲ ಅಂಕಗಳು. ಆರರಲ್ಲಿ ನಾಲ್ಕು ಏನು ಮಹಾ ಅಂತ ಗೆಳೆಯರು ಗೇಲಿ ಮಾಡಿದರು. ಅಪ್ಪ ಮಾತ್ರ "ಟೈರು ಸರಿಯಿಲ್ದೆ ಇದ್ರೆ ಗಾಡಿ ನಿಲ್ಲಿಸೋದೂ ಸರಿ, ಟೈರು ಸರಿಯಿದ್ರೆ ಓಡ್ಸೋದೂ ಸರಿ" ಅಂದರು. ಡ್ರೈವರ್ ಮಾತು!

ಮೊದಲನೇ ಕಾರು ಮನೆಗೆ ಬಂದದ್ದು 2006ರ ಬೇಸಿಗೆಯಲ್ಲಿ. ಅಪ್ಪನ ಕಣ್ಣಿನ ಪೊರೆ ತೆಗೆಸಲು ಕೊಯಮತ್ತೂರಿಗೆ ಹೋಗಿದ್ದೆವು. ಆಪರೇಷನ್ ಆದ ಸಂಜೆ ಔಷಧಿ ತರಲು ಹೊರಟವನು ಒಂದು ಅಂಗಡಿಯ ಗಾಜಿನೊಳಗೆ ಹಳದಿ ಜೋರ್ಡನ್ ನೋಡಿ ನಿಂತುಬಿಟ್ಟೆ. ಜರ್ಮನಿಯ ಮಿನಿಚಾಂಪ್ಸ್ ಕಂಪನಿಯದ್ದು, 1:43 ಅಳತೆ. ಅಂದರೆ ನಿಜವಾದ ಕಾರಿನ ಪ್ರತಿ 43 ಅಂಗುಲಕ್ಕೆ ಇದರಲ್ಲಿ 1 ಅಂಗುಲ. ಬೆಲೆ ಕೇಳಿ ಎದೆ ಝಲ್ಲೆಂದಿತು. ನಮ್ಮ ಮನೆಗೆ ಹದಿನೈದು ದಿನದ ಹಾಲು, ತರಕಾರಿ ಎರಡೂ ಬರುವಷ್ಟು ದುಡ್ಡು. ಕೊಟ್ಟೆ. ಯಾಕೆ ಕೊಟ್ಟೆ ಅಂತ ಕೇಳಿದರೆ ಇವತ್ತಿಗೂ ಸರಿಯಾಗಿ ಹೇಳಲಾರೆ.

ಆಸ್ಪತ್ರೆಯಲ್ಲಿ ಅಪ್ಪನ ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಮೊದಲೇ ಮಬ್ಬು. ಕಾರನ್ನು ಅಂಗೈಯಲ್ಲಿ ಇಟ್ಟೆ. ಬೆರಳಿನಿಂದ ಮೆಲ್ಲಗೆ ಸವರಿದರು. ಚಕ್ರ, ಹಿಂದಿನ ರೆಕ್ಕೆ, ಮೂಗು, ಎಲ್ಲ ಮುಟ್ಟಿ ನೋಡಿ, "ಇದಕ್ಕೆ ಬಾಗಿಲೇ ಇಲ್ವಲ್ಲಪ್ಪಾ" ಅಂದರು. ಪಕ್ಕದ ಹಾಸಿಗೆಯವರೂ ನಕ್ಕರು. ಮನೆಗೆ ಬಂದ ಮೇಲೆ ನನ್ನವಳು ನಗಲಿಲ್ಲ. "ರೀ, ಔಷಧಿ ಚೀಟಿ ಕೊಟ್ಟು ಕಳಿಸಿದ್ರೆ ಇದನ್ನ ತಂದ್ರಾ?" ಅಂದವಳು ಒಂದು ವಾರ ಚಹಾಕ್ಕೆ ಸಕ್ಕರೆ ಕಡಿಮೆ ಹಾಕಿದಳು.

ಅಪ್ಪ 2009ರಲ್ಲಿ ಹೋದರು.

ಮುಂದಿನ ವರ್ಷ ಪೇಪರಿನಲ್ಲಿ ಒಂದು ಸಣ್ಣ ಸುದ್ದಿ, ಜೊತೆಗೆ ಕಪ್ಪುಬಿಳುಪು ಚಿತ್ರ. ನರೇನ್ ಅಮೆರಿಕಕ್ಕೆ ಹೋಗಿ ಸ್ಟಾಕ್ ಕಾರ್ ರೇಸಿಗೆ ಇಳಿದಿದ್ದ. ನಾಸ್ಕಾರ್ ಅನ್ನುತ್ತಾರೆ. ಅದರಲ್ಲೂ ಕಾರಲ್ಲ, ಪಿಕಪ್ ಟ್ರಕ್ಕುಗಳ ಸರಣಿ. 2010ರ ಮಾರ್ಚ್‌ನಲ್ಲಿ ವರ್ಜೀನಿಯಾ ರಾಜ್ಯದ ಮಾರ್ಟಿನ್ಸ್‌ವಿಲ್ ಎಂಬಲ್ಲಿ ಮೊದಲ ರೇಸು, 60ನೇ ನಂಬರಿನ ಟೊಯೋಟಾ ಟಂಡ್ರಾ, 13ನೇ ಸ್ಥಾನ.

ಸ್ಟಾಕ್ ಕಾರ್ ಅಂದರೆ ಹುಟ್ಟಿನಲ್ಲಿ ಅಂಗಡಿಯಿಂದ ತಂದ ಮಾಮೂಲಿ ಕಾರು. ಅದರ ಹುಟ್ಟಿನ ಕಥೆ ಓದಿದಾಗ ನನಗೆ ನಮ್ಮ ಬೆಟ್ಟವೇ ಕಣ್ಣಿಗೆ ಕಟ್ಟಿತು. ಅಮೆರಿಕದ ದಕ್ಷಿಣದಲ್ಲಿ ಅಪಲೇಶಿಯನ್ ಅಂತ ಬೆಟ್ಟಸಾಲು ಇದೆ. ಮದ್ಯ ನಿಷೇಧ ಇದ್ದ ಕಾಲದಲ್ಲಿ, ಆಮೇಲೂ, ಅಲ್ಲಿನ ಹುಡುಗರು ಬೆಟ್ಟದಲ್ಲಿ ಕಾಯಿಸಿದ ಕಳ್ಳಭಟ್ಟಿಯನ್ನು ಕಾರಿನಲ್ಲಿ ತುಂಬಿ, ರಾತ್ರಿ ಹೊತ್ತು, ಪೊಲೀಸರ ಕೈಗೆ ಸಿಗದಂತೆ ತಿರುವು ರಸ್ತೆಯಲ್ಲಿ ಇಳಿಸುತ್ತಿದ್ದರು. ಹೊರಗಿನಿಂದ ನೋಡಿದರೆ ಸಾಧು ಕಾರು, ಒಳಗೆ ತಿದ್ದಿದ ಎಂಜಿನ್. ಯಾರ ಕಾರು ಜೋರು ಅಂತ ಭಾನುವಾರ ಪಂದ್ಯ ಕಟ್ಟುತ್ತಿದ್ದರು. ಇಂಥ ಪಂದ್ಯಗಳನ್ನೆಲ್ಲ ಒಂದು ನಿಯಮಕ್ಕೆ ತಂದು 1948ರಲ್ಲಿ ಬಿಲ್ ಫ್ರಾನ್ಸ್ ಎಂಬವನು ನಾಸ್ಕಾರ್ ಕಟ್ಟಿದ. ಟ್ರಕ್ಕುಗಳ ಸರಣಿ ಬಂದದ್ದು 1995ರಲ್ಲಿ. ಮಾರ್ಟಿನ್ಸ್‌ವಿಲ್ ಟ್ರ್ಯಾಕು ಒಂದು ಸುತ್ತಿಗೆ ಸುಮಾರು 850 ಮೀಟರ್ ಅಷ್ಟೇ, ಕಾಗದಕ್ಕೆ ಸಿಕ್ಕಿಸುವ ಕ್ಲಿಪ್ಪಿನ ಆಕಾರ. ಎಲ್ಲ ತಿರುವೂ ಎಡಕ್ಕೇ! ನಮ್ಮ ಮಸಿನಗುಡಿಯಿಂದ ಕಲ್ಹಟ್ಟಿ ಮೇಲೆ ಊಟಿಗೆ ಹೋಗುವಾಗ 36 ಕಡಿದಾದ ತಿರುವು, ಒಂದು ಎಡ ಒಂದು ಬಲ. ಅವರನ್ನು ಒಮ್ಮೆ ಇಲ್ಲಿಗೆ ಕರೆಸಬೇಕು ಅಂತ ಅಪ್ಪ ಖಂಡಿತ ಹೇಳುತ್ತಿದ್ದರು. ಬಾಗಿಲಿರುವ ಗಾಡಿ, ಲಾರಿಯ ತಮ್ಮನಂಥ ಗಾಡಿ. ಅಪ್ಪ ಇದ್ದಿದ್ದರೆ ಅಂಗೈಯಲ್ಲಿ ಇಟ್ಟುಕೊಂಡು ಎಷ್ಟು ಖುಷಿಪಡುತ್ತಿದ್ದರೋ.

ಆ ವರ್ಷ ನರೇನ್ ಓಡಿದ್ದು ಕೆಲವೇ ರೇಸು, ಗೆದ್ದದ್ದು ಒಂದೂ ಇಲ್ಲ. ಆದರೆ ಸರಣಿಯ ಅತ್ಯಂತ ಜನಪ್ರಿಯ ಚಾಲಕ ಯಾರು ಅಂತ ಅಭಿಮಾನಿಗಳು ಓಟು ಹಾಕಿದಾಗ 2010ರ ಆ ಪ್ರಶಸ್ತಿ ಬಂದದ್ದು ಅವನಿಗೇ! ಅಷ್ಟು ದೂರದ ಊರಲ್ಲಿ, ಅವರದ್ದೇ ಆಟದಲ್ಲಿ, ಅವರ ನಡುವೆ ಒಬ್ಬನೇ ಒಬ್ಬ ನಮ್ಮ ಕಡೆಯವನು. ಓಟು ಹಾಕಿದವರಲ್ಲಿ ನಮ್ಮ ದೇಶದವರೂ ಬೇಕಾದಷ್ಟು ಜನ ಇದ್ದಿರಬೇಕು ಬಿಡಿ. ನನಗೆ ಇಂಟರ್‌ನೆಟ್ ಸಿಕ್ಕಿದ್ದರೆ ನಾನೂ ಹಾಕುತ್ತಿದ್ದೆ.

ಸರಿ, ಆ 60ನೇ ನಂಬರಿನ ಟ್ರಕ್ಕು ಬೇಕೇ ಬೇಕು ಅನ್ನಿಸಿತು. ಊಟಿ, ಕೊಯಮತ್ತೂರು, ಮೈಸೂರು, ಹೋದಲ್ಲೆಲ್ಲ ಕೇಳಿದೆ. "ಯಾವ ಕಾರ್ತಿಕೇಯನ್ ಸಾರ್?" ಅಂದವರೇ ಜಾಸ್ತಿ. ಅಮೆರಿಕದಲ್ಲಿ ಈ ಮಾದರಿ ಕಾರುಗಳ ಸಂಗ್ರಹ ದೊಡ್ಡ ವ್ಯವಹಾರ. ಅಂಗೈ ಅಗಲದ 1:24, ಬೆರಳುದ್ದದ 1:64, ಈ ಎರಡು ಅಳತೆ ಹೆಚ್ಚು ಓಡುತ್ತದೆ. ಡೇಲ್ ಅರ್ನ್‌ಹಾರ್ಟ್‌ನ ಕಪ್ಪು 3ನೇ ನಂಬರು, ಜೆಫ್ ಗಾರ್ಡನ್‌ನ 24ನೇ ನಂಬರು ಅಂದರೆ ವರ್ಷವರ್ಷವೂ ಹೊಸ ಹೊಸ ಬಣ್ಣದಲ್ಲಿ ಬಂದವು. ಹಿಂದಿನ ಸಾಲಿನವರನ್ನು ಯಾರು ಅಚ್ಚು ಹಾಕಿಸುತ್ತಾರೆ? ಕೊನೆಗೆ ಮೈಸೂರಿನ ಅಂಗಡಿಯವನೊಬ್ಬ ಕನಿಕರಪಟ್ಟು 1:64ರ ಒಂದು ಮಾಮೂಲಿ ಪಿಕಪ್ ಕೊಟ್ಟ. ನಂಬರಿಲ್ಲ, ಹೆಸರಿಲ್ಲ. ಅದನ್ನೇ ಹಳದಿ ಕಾರಿನ ಪಕ್ಕ ಇಟ್ಟೆ.

ಈಗ ಹುಡುಗನ ವಿಷಯ.

2011ರಲ್ಲಿ ಅವನು ಏಳನೇ ತರಗತಿ. ಅಪ್ಪ ಕಾಡು ತೋರಿಸುವ ಜೀಪಿನ ಡ್ರೈವರ್, ಅಮ್ಮ ಒಂದು ರೆಸಾರ್ಟಿನ ಅಡುಗೆಮನೆಯಲ್ಲಿ ಕೆಲಸ. ಗುಂಡ್ಲುಪೇಟೆ ಕಡೆಯಿಂದ ಅಜ್ಜನ ಕಾಲದಲ್ಲಿ ಬಂದವರು. ಹುಡುಗ ಬಾಯಿ ಬಿಡುತ್ತಿರಲಿಲ್ಲ. ಓದು ಅಂದರೆ ತಲೆ ತಗ್ಗಿಸುತ್ತಿದ್ದ, ಲೆಕ್ಕ ಅಂದರೆ ಹೊಟ್ಟೆನೋವು ಅನ್ನುತ್ತಿದ್ದ. ಒಂದು ದಿನ ಹಾಜರಿ ಪುಸ್ತಕ ತರಲು ಮನೆಗೆ ಕಳಿಸಿದೆ. ಅರ್ಧ ಗಂಟೆಯಾದರೂ ಪತ್ತೆಯಿಲ್ಲ. ಹೋಗಿ ನೋಡಿದರೆ ಬೀರುವಿನ ಮುಂದೆ ಸ್ಟೂಲು ಹಾಕಿಕೊಂಡು ನಿಂತಿದ್ದಾನೆ! ಬೈಯಬೇಕು ಅನ್ನುವಷ್ಟರಲ್ಲಿ ಅವನೇ ಕೇಳಿದ, "ಸಾ, ಈ ಟ್ರಕ್ಕು ಕಾರ್ಗಿಂತ ಚಿಕ್ಕದಾಗದಲ್ಲ, ಯಾಕ್ ಸಾ?"

ಏಳು ವರ್ಷದಲ್ಲಿ ಅವನು ಕೇಳಿದ ಮೊದಲ ಪ್ರಶ್ನೆ. ಬೈಗುಳ ಗಂಟಲಲ್ಲೇ ಉಳಿಯಿತು. ಒಂದು 43ನೇ ಒಂದು ಭಾಗ, ಇನ್ನೊಂದು 64ನೇ ಒಂದು ಭಾಗ ಅಂತ ಹೇಳಿದೆ. ಮಾರನೇ ದಿನ ಅಪ್ಪನ ಜೀಪನ್ನು ಟೇಪಿನಲ್ಲಿ ಅಳೆದುಕೊಂಡು ಬಂದ. 43ರಿಂದ ಭಾಗಿಸಿದ, 64ರಿಂದ ಭಾಗಿಸಿದ. ಹೊಟ್ಟೆನೋವು ಬರಲಿಲ್ಲ. ಒಂದು ತಿಂಗಳಲ್ಲಿ ತರಗತಿಯೆಲ್ಲ ಅಳೆಯುವ ಹುಚ್ಚು ಹಿಡಿಯಿತು. ಬೋರ್ಡು, ಕೊಡಪಾನ, ಹೆಡ್‌ಮಾಸ್ಟರರ ಸ್ಕೂಟರು, ಎಲ್ಲವೂ 64ನೇ ಒಂದು ಭಾಗಕ್ಕೆ ಇಳಿದವು. ಪ್ರಮಾಣ ಅನ್ನುವ ಪಾಠವನ್ನು ಆ ವರ್ಷ ನಾನು ಮಾಡಲೇ ಇಲ್ಲ, ಅದಾಗಿಯೇ ಆಯಿತು.

ಆ ಅಕ್ಟೋಬರ್ 30ಕ್ಕೆ ದೆಹಲಿ ಹತ್ತಿರದ ಬುದ್ಧ ಟ್ರ್ಯಾಕಿನಲ್ಲಿ ಭಾರತದ ಮೊದಲ ಫಾರ್ಮುಲಾ ಒನ್ ರೇಸು. ನಮ್ಮ ಮನೆಯ ಟಿವಿ ಮುಂದೆ ಒಂದು ಡಜನ್ ಮಕ್ಕಳು. ನನ್ನವಳು ಬೈದುಕೊಂಡೇ ಎಲ್ಲರಿಗೂ ಅವಲಕ್ಕಿ ಒಗ್ಗರಣೆ ಹಾಕಿದಳು. ಗೆದ್ದದ್ದು ಸೆಬಾಸ್ಟಿಯನ್ ವೆಟ್ಟೆಲ್. ನಮ್ಮ ನರೇನ್ ಸೊರಗಿದ ತಂಡವೊಂದರ ಕಾರಿನಲ್ಲಿ 17ನೆಯವನು. ಅದೇ ತಂಡದ ಇನ್ನೊಬ್ಬ, 18ನೆಯವನು, ಡೇನಿಯಲ್ ರಿಕಿಯಾರ್ಡೊ ಅಂತ. ಮುಂದೆ ಆತ 8 ರೇಸು ಗೆದ್ದ. ಹಿಂದಿನ ಸಾಲಿನಲ್ಲಿ ಯಾರು ಕೂತಿದ್ದಾರೆ ಅಂತ ಆ ಹೊತ್ತಿಗೆ ಯಾರಿಗೂ ಗೊತ್ತಾಗುವುದಿಲ್ಲ ನೋಡಿ. ಮೇಷ್ಟ್ರುಗಳಾದ ನಮಗಂತೂ ಗೊತ್ತಾಗುವುದೇ ಇಲ್ಲ.

ಆವತ್ತು ಮಕ್ಕಳೆಲ್ಲ ಹೋದ ಮೇಲೂ ಹುಡುಗ ಉಳಿದ. 60ನೇ ನಂಬರು ಎಲ್ಲೂ ಸಿಗಲಿಲ್ಲ ಅಂತ ನಾನು ಹೇಳಿದ್ದು ಅವನ ತಲೆಯಲ್ಲಿ ಕೂತಿತ್ತು. ಈ ಕಾರುಗಳನ್ನು ಹೇಗೆ ಮಾಡುತ್ತಾರೆ ಅಂತ ವಿವರಿಸಿದೆ. ಸತುವಿನ ಮಿಶ್ರಲೋಹವನ್ನು ಸುಮಾರು 400 ಡಿಗ್ರಿಗೆ ಕರಗಿಸಿ, ಉಕ್ಕಿನ ಅಚ್ಚಿನೊಳಗೆ ಒತ್ತಡದಿಂದ ನುಗ್ಗಿಸುತ್ತಾರೆ. ಆ ಅಚ್ಚು ಮಾಡಿಸುವುದೇ ದುಬಾರಿ. ಹಾಗಾಗಿ ಒಂದೇ ಅಚ್ಚಿನಲ್ಲಿ ಸಾವಿರಾರು ತೆಗೆದು, ಬಣ್ಣ ಬದಲಿಸಿ, ಮೆತ್ತನೆಯ ಸಿಲಿಕೋನ್ ಮುದ್ರೆಯಿಂದ ನಂಬರು, ಹೆಸರು ಒತ್ತುತ್ತಾರೆ. ಹೆಸರಾದವನ ಗಾಡಿಗೂ ಹೆಸರಿಲ್ಲದವನ ಗಾಡಿಗೂ ಎಷ್ಟೋ ಸಲ ಅಚ್ಚು ಒಂದೇ, ಮೇಲಿನ ಬಣ್ಣವಷ್ಟೇ ಬೇರೆ.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ನಾವೇ ಮಾಡ್ಬೋದಲ್ಲ ಸಾ" ಅಂದ.

ಮೈಸೂರಿನಿಂದ ತಂದ ಬೋಳು ಪಿಕಪ್ಪಿಗೇ ಬಣ್ಣ ಬಳಿದರೆ ಆಯಿತು ಅಂತ ನಾನು. ಅವನು ಒಪ್ಪಲಿಲ್ಲ. ಅದು ಬೇರೆ ಗಾಡಿ, ಅದನ್ನು ಯಾಕೆ ಕೆಡಿಸಬೇಕು ಅಂತ ಅವನ ವಾದ. ಬಡಗಿಯ ಹತ್ತಿರ ಸಿಲ್ವರ್ ಓಕ್ ತುಂಡೊಂದು ತಂದ. ರೇಸಿನ ಟ್ರಕ್ಕಿಗೆ ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ 112 ಅಂಗುಲ. 64ರಿಂದ ಭಾಗಿಸಿದರೆ ಒಂದೂ ಮುಕ್ಕಾಲು ಅಂಗುಲ, ಶೇಷವೇ ಉಳಿಯುವುದಿಲ್ಲ! ಆ ಲೆಕ್ಕ ಬಂದ ದಿನ ಅವನ ಮುಖ ನೋಡಬೇಕಿತ್ತು ನೀವು. ಬ್ಲೇಡು, ಮರಳು ಕಾಗದ, ಎರಡು ಕಡ್ಡಿ, ಇಷ್ಟೇ ಸಲಕರಣೆ. ಬಣ್ಣ ಏನು ಅಂತ ನಮ್ಮ ಕಪ್ಪುಬಿಳುಪು ಚಿತ್ರದಲ್ಲಿ ತಿಳಿಯುತ್ತಿರಲಿಲ್ಲ, ಅಪ್ಪನ ಜೀಪಿಗೆ ಹೊಡೆದು ಮಿಕ್ಕಿದ್ದ ಹಸಿರು ಬಳಿದ. ಚಕ್ರಕ್ಕೆ ದನದ ಆಸ್ಪತ್ರೆಯ ಹಿಂದೆ ಬಿದ್ದಿದ್ದ ಇಂಜೆಕ್ಷನ್ ಬಾಟಲಿಗಳ ರಬ್ಬರ್ ಮುಚ್ಚಳ, ತೊಳೆದು ತಂದದ್ದು. ಅಲ್ಲೇ ಲೆಕ್ಕ ತಪ್ಪಿತು. ನಿಜವಾದ ಟೈರು ಸುಮಾರು 28 ಅಂಗುಲ ಎತ್ತರ, 64ನೇ ಒಂದು ಭಾಗ ಅಂದರೆ 11 ಮಿಲಿಮೀಟರ್. ಮುಚ್ಚಳ ಹೆಚ್ಚುಕಮ್ಮಿ ಅದರ ಎರಡರಷ್ಟು. ಟ್ರಕ್ಕಿಗೆ ಆನೆಕಾಲು ಬಂದಂತೆ ಕಾಣುತ್ತಿತ್ತು.

"ಚಕ್ರ ದೊಡ್ಡದಾಯ್ತು ಸಾ."

"ಪರವಾಗಿಲ್ಲ ಬಿಡೋ, ನಮ್ಮೂರ ರಸ್ತೆಗೆ ಇದೇ ಸರಿ" ಅಂದೆ.

ಕಡೆಗೆ ನಂಬರು. ಬೆಂಕಿಕಡ್ಡಿಯ ತುದಿಯನ್ನು ಬಿಳಿ ಬಣ್ಣದಲ್ಲಿ ಅದ್ದಿ, ಉಸಿರು ಬಿಗಿಹಿಡಿದು ಬಾಗಿಲಿನ ಮೇಲೆ ಬರೆದ. ಬರೆದು ನನ್ನ ಕೈಗಿಟ್ಟ. ನೋಡಿದೆ. ೬೦. ನಾನು ಹೇಳಿಕೊಟ್ಟ ಕನ್ನಡ ಅಂಕಿಯಲ್ಲೇ ಬರೆದಿದ್ದ. ಅವನಿಗೆ ಅದರಲ್ಲಿ ವಿಶೇಷವೇನೂ ಇರಲಿಲ್ಲ. ಅರವತ್ತು ಅಂದರೆ ಹಾಗೆ ತಾನೇ ಬರೆಯುವುದು? ನನಗೆ ಮಾತ್ರ ಮಾತು ಹೊರಡಲಿಲ್ಲ. ಅಮೆರಿಕದ ಎಂಥ ಸಂಗ್ರಹಕಾರನ ಮನೆಯಲ್ಲೂ ಇದು ಇರಲಾರದು ಅಂತ ಹೇಳಿದೆ. ಅವನು ನಾಚಿಕೊಂಡು ಓಡಿಹೋದ.

ಇಲ್ಲಿಗೆ ಕಥೆ ಮುಗಿಸಿದ್ದರೆ ಚೆನ್ನಾಗಿರುತ್ತಿತ್ತು. 2012ರ ಜೂನ್‌ನಲ್ಲಿ ಅವನ ಅಪ್ಪ ಟಿ.ಸಿ. ಕೇಳಲು ಬಂದರು.

ನಾನು ವಾದಿಸಿದೆ. ಈಗಷ್ಟೇ ಹುಡುಗ ಬಾಯಿ ಬಿಡುತ್ತಿದ್ದಾನೆ, ಇನ್ನೊಂದು ವರ್ಷವಾದರೂ ಇರಲಿ ಅಂದೆ. ಅವರು ಸಿಟ್ಟು ಮಾಡಲಿಲ್ಲ, ಕೈಮುಗಿದೇ ಮಾತಾಡಿದರು. "ಎಂಟ್ನೇ ಕ್ಲಾಸ್ ಆದ್ಮೇಲೆ ಕನ್ನಡ್ದಲ್ಲಿ ಓದ್ಸೋಕೆ ಎಲ್ಲಿಗ್ ಕಳಿಸ್ಲಿ ಮೇಷ್ಟ್ರೇ? ಗುಂಡ್ಲುಪೇಟೆ ಹಾಸ್ಟೆಲ್ಗೆ ಹಾಕಿದ್ರೆ, ರಾತ್ರಿ ಹುಷಾರಿಲ್ಲ ಅಂದ್ರೆ ಬಂಡೀಪುರದ ಗೇಟು ದಾಟಿ ಹೆಂಗ್ ಹೋಗ್ಲಿ? ಇಲ್ಲೇ ಕೆಲ್ಸ ಬೇಕು ಅಂದ್ರೆ ತಮಿಳು ಬೇಕು, ಇಂಗ್ಲಿಷೂ ಬೇಕು." ಸುಳ್ಳೇನೂ ಅಲ್ಲ. 2009ರಿಂದ ರಾತ್ರಿ 9ಕ್ಕೆ ಬಂಡೀಪುರದ ರಸ್ತೆ ಮುಚ್ಚುತ್ತದೆ. ತಮಿಳುನಾಡು ಸರ್ಕಾರದ 2006ರ ಕಾಯ್ದೆಯಿಂದ ಒಂದನೇ ತರಗತಿಯಿಂದ ವರ್ಷವರ್ಷ ಮೇಲಕ್ಕೆ ತಮಿಳು ಕಡ್ಡಾಯವಾಗುತ್ತ ಬಂದಿತ್ತು. ಅವನ ತಂಗಿಯ ತರಗತಿಗೆ ಬಂದಾಗಿತ್ತು, ಇವನ ತರಗತಿ ಅದಕ್ಕಿಂತ ಒಂದು ವರ್ಷ ಮುಂದಿತ್ತು. ಆದರೂ ನಾನು ಬಿಡಲಿಲ್ಲ. ಮಾತೃಭಾಷೆ, ಬೇರು, ಸಂಸ್ಕೃತಿ, ಸಭೆಗಳಲ್ಲಿ ಹೇಳುವುದನ್ನೆಲ್ಲ ಹೇಳಿದೆ. ಎಲ್ಲ ಕೇಳಿಸಿಕೊಂಡು ಅವರು ಮೆಲ್ಲಗೆ ಕೇಳಿದರು:

"ನಿಮ್ ಮಗಳು ಎಲ್ಲಿ ಓದ್ತದೆ ಮೇಷ್ಟ್ರೇ?"

ಗೆಳೆಯರೇ, ಇಂಗ್ಲಿಷ್ ಮೀಡಿಯಂ ಶಾಲೆಯ ವ್ಯಾನು ಪ್ರತಿದಿನ ಬೆಳಿಗ್ಗೆ ನಮ್ಮ ಮನೆ ಮುಂದೆಯೇ ನಿಲ್ಲುತ್ತಿತ್ತು. ಊರಿಗೆಲ್ಲ ಗೊತ್ತು. ಅವರು ಚುಚ್ಚಲು ಕೇಳಿದ್ದಲ್ಲ, ನಿಜವಾಗಿಯೂ ಸಲಹೆ ಕೇಳಿದ್ದು. ನನ್ನಲ್ಲಿ ಉತ್ತರ ಇರಲಿಲ್ಲ. ಟಿ.ಸಿ. ಬರೆದೆ. ಆವತ್ತು ನನ್ನ ಅಕ್ಷರ ಕೆಟ್ಟಿತ್ತು.

ಹೊರಡುವ ದಿನ ಹುಡುಗನಿಗೆ ಹಸಿರು ಟ್ರಕ್ಕು ಕೊಡಲು ಹೋದೆ. "ಅದು ನಿಮ್ ಕಾರ್ ಜೊತೇಲೇ ಇರ್ಲಿ ಸಾ, ಒಂದೇ ಕಡೆ ಇದ್ರೆ ಚೆಂದ" ಅಂದ. ಅಲ್ಲಿಂದ ಇಲ್ಲಿಯವರೆಗೆ ಅದು ಪೆಟ್ಟಿಗೆಯಲ್ಲೇ ಇದೆ. ಆಮೇಲೆ ಟ್ರಕ್ಕು ಹುಡುಕುವುದನ್ನು ಬಿಟ್ಟೆ. ಬೇಕಾದದ್ದು ಬಂದಾಗಿತ್ತು.

ಮಗಳಿಗೆ ಮಾತ್ರ ಆ ಜೂನ್‌ನಿಂದಲೇ ದಿನಾ ಸಂಜೆ ಅರ್ಧ ಗಂಟೆ ಕನ್ನಡ ಬರೆಸಲು ಕೂತೆ. ಮೊದಲು ಅತ್ತಳು, ಆಮೇಲೆ ರೂಢಿಯಾಯಿತು. ಈಗ ಕಾಲೇಜು ಮುಗಿಸಿದ್ದಾಳೆ, ಅಜ್ಜಿಗೆ ಕನ್ನಡದಲ್ಲೇ ಕಾಗದ ಬರೆಯುತ್ತಾಳೆ. ಇದು ದೊಡ್ಡ ಸಾಧನೆ ಅಂತ ಹೇಳುತ್ತಿಲ್ಲ. ಆವತ್ತಿನ ಪ್ರಶ್ನೆಗೆ ಇದು ಪೂರ್ತಿ ಉತ್ತರವೂ ಅಲ್ಲ. ಶಾಲೆಗೆ ಸೇರಿಸಿದ್ದರೆ ಒಂದು ಬೆಂಚು ತುಂಬುತ್ತಿತ್ತು, ಅದು ತುಂಬಲಿಲ್ಲ. ಅಷ್ಟು ನಿಜ.

ಇದನ್ನೆಲ್ಲ ಈಗ ಬರೆಯಲು ಕಾರಣ, ಮೊನ್ನೆ ಕೊಯಮತ್ತೂರಿನಿಂದ ಬಂದ ಒಂದು ಸಣ್ಣ ಪಾರ್ಸಲ್. ಬೆಂಕಿಪೊಟ್ಟಣದಷ್ಟು ಡಬ್ಬಿ, ಒಳಗೆ ಹತ್ತಿ, ಹತ್ತಿಯೊಳಗೆ ನಾಲ್ಕು ಪುಟಾಣಿ ಚಕ್ರ. ಲೇತಿನಲ್ಲಿ ಕಡೆದದ್ದು, ಅಂಚಿಗೆ ಸಣ್ಣ ಗೀರು ಸಮೇತ. ಜೊತೆಗೆ ಒಂದು ಚೀಟಿ, ಕನ್ನಡದಲ್ಲಿ. ಒತ್ತಕ್ಷರ ಎರಡು ಕಡೆ ತಪ್ಪಿತ್ತು, ಉಳಿದದ್ದು ಸರಿ.

ಹುಡುಗ ಐಟಿಐ ಮುಗಿಸಿ ಕೊಯಮತ್ತೂರಿನ ಒಂದು ವರ್ಕ್‌ಶಾಪಿನಲ್ಲಿದ್ದಾನಂತೆ. ಪಂಪು, ಮೋಟಾರುಗಳ ಭಾಗಗಳಿಗೆ ಅಚ್ಚು ಮಾಡುವ ಕೆಲಸ. ಕರಗಿದ ಲೋಹವನ್ನು ಉಕ್ಕಿನ ಅಚ್ಚಿಗೆ ನುಗ್ಗಿಸುವುದನ್ನು ಈಗ ದಿನಾ ನೋಡುತ್ತಾನಂತೆ, ನೋಡಿದಾಗೆಲ್ಲ ನಮ್ಮ ಮನೆಯ ಬೀರು ನೆನಪಾಗುತ್ತದಂತೆ. ಚೀಟಿಯ ಕೊನೆಯಲ್ಲಿ ಹೀಗಿತ್ತು: "ಚಕ್ರ ದೊಡ್ಡದಾಗಿತ್ತು ಸಾರ್. ಇದು ೧೧ ಮಿಲಿಮೀಟರ್. ಸರಿಯಾದ ಅಳತೆ."

ಹನ್ನೊಂದನ್ನು ಕನ್ನಡ ಅಂಕಿಯಲ್ಲೇ ಬರೆದಿದ್ದ.

ಹದಿನೈದನೆಯವನಾಗಿ ಬಂದರೆ ಸೋತಂತೆಯೇ ಅಲ್ವಾ ಅಂತ 2005ರಲ್ಲಿ ಕೇಳಿದ್ದ ಹುಡುಗಿ ಈಗ ಎಲ್ಲಿದ್ದಾಳೋ ಗೊತ್ತಿಲ್ಲ. ಸಿಕ್ಕರೆ ಕೂರಿಸಿ ಈ ನಾಲ್ಕು ಗಾಡಿಗಳನ್ನು ತೋರಿಸಬೇಕು. ಗೆದ್ದವರ ಗಾಡಿ ಅಂಗಡಿಯಲ್ಲಿ ಸಿಗುತ್ತದಮ್ಮ, ಹದಿಮೂರನೆಯವನಾಗಿ ಬಂದವನದು ಬೇಕಿದ್ದರೆ ನಾವೇ ಕೆತ್ತಿಕೊಳ್ಳಬೇಕು ಅಂತ ಹೇಳಬೇಕು. ಗಡಿಯ ಈಚೆ ಕನ್ನಡ ಶಾಲೆ ನಡೆಸುವ ನಮ್ಮಂಥವರಿಗೆ ಇದು ಹೊಸ ಮಾತೇನಲ್ಲ. ಪುಸ್ತಕ ತಡವಾಗಿ ಬಂದರೆ ಕೈಯಲ್ಲೇ ಬರೆದು ಹಂಚಿದವರು ನಾವು.

ಈಗ ಮನೆಯಲ್ಲಿ ಚರ್ಚೆ ನಡೆದಿದೆ. ಹಳೆಯ ರಬ್ಬರ್ ಚಕ್ರ ತೆಗೆದು ಹೊಸದು ಹಾಕಿ ಅಂತ ಮಗಳು. ಹುಡುಗ ಏಳನೇ ಕ್ಲಾಸಿನಲ್ಲಿ ಮಾಡಿದ್ದು ಹಾಗೇ ಇರಲಿ ಅಂತ ನನ್ನವಳು. ಒಂದು ಕಾಲದಲ್ಲಿ ಸಕ್ಕರೆ ಕಡಿಮೆ ಹಾಕಿದವಳೇ ಈಗ ಪೆಟ್ಟಿಗೆಯ ಧೂಳು ಒರೆಸುತ್ತಾಳೆ! ಸದ್ಯಕ್ಕೆ ನಾಲ್ಕು ಚಕ್ರವನ್ನೂ ಟ್ರಕ್ಕಿನ ಪಕ್ಕದಲ್ಲೇ ಸಾಲಾಗಿ ಇಟ್ಟಿದ್ದೇನೆ. ರೇಸಿನಲ್ಲೂ ಹಾಗೇ ಅಲ್ಲವೇ, ಬದಲಿ ಚಕ್ರ ಪಕ್ಕದಲ್ಲೇ ಸಿದ್ಧವಾಗಿರುತ್ತದೆ.

ರಜೆಯಲ್ಲಿ ಅವನೇ ಬರುತ್ತೇನೆ ಅಂದಿದ್ದಾನೆ. ಬಂದಾಗ ಅವನೇ ಹಾಕಲಿ.